ಮೊದಲೇ ತೋರಿಸಬಾರದಿತ್ತೇ?

ನಮ್ಮಣ್ಣನ ಮನೆಯ ಸೌದೆ ಕೊಟ್ಟಿಗೆಗೆ ಒಂದು ಗುಲಾಬಿ ಬಣ್ಣದ ಫ್ಲೆಕ್ಸ್ ಹೊದಿಸಿದ್ದಾರೆ. ಅದರ ಮೇಲೆ ನಗುವ ಒಬ್ಬ ಹೆಂಗಸಿನ ಮುಖ, ಪಕ್ಕದಲ್ಲಿ ಮಡಿಚಿದ ರಿಬ್ಬನ್ನಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಬೇಗ ಪತ್ತೆ, ಬೇಗ ಗುಣ’ ಎಂಬ ಘೋಷಣೆ. 2022ರ ಅಕ್ಟೋಬರ್‌ನಲ್ಲಿ ಬೇಲೂರಿನಲ್ಲಿ ನಡೆದ ಜಾಗೃತಿ ನಡಿಗೆಗೆಂದು ಕಟ್ಟಿದ ಬ್ಯಾನರ್ ಅದು. ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚಿ, ಮಡಿಸಿ, ಬಸ್ಸಿನಲ್ಲಿ ಬಿಕ್ಕೋಡಿಗೆ ಹೊತ್ತು ತಂದವಳು ನಾನೇ. ಮಳೆ ತಡೆಯುವ ಯಾವ ವಸ್ತುವನ್ನೂ ನಮ್ಮ ಕಡೆ ಬಿಸಾಡುವುದಿಲ್ಲ. ಮೂರು ಮಳೆಗಾಲ ಕಳೆದರೂ ಹೆಂಗಸಿನ ನಗು ಮಾಸಿಲ್ಲ. ಸೌದೆಯೂ ನೆನೆದಿಲ್ಲ. ಆ ನಡಿಗೆಯಿಂದ ಅಣ್ಣನ ಮನೆಗೆ ಆದ ಉಪಕಾರ ಇದೊಂದೇ ಎಂದರೆ ಕಟುವಾಗಿ ಕೇಳಿಸಬಹುದು. ಯಾಕೆ ಹಾಗೆನ್ನುತ್ತೇನೆಂದು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಡಿಗೆಯನ್ನು ಏರ್ಪಡಿಸಿದ್ದು ತಾಲ್ಲೂಕಿನ ಒಂದು ಮಹಿಳಾ ಸಂಘ ಮತ್ತು ನಗರದ ಒಂದು ದೊಡ್ಡ ಖಾಸಗಿ ಆಸ್ಪತ್ರೆ. ಸಂಘದ ಸದಸ್ಯೆಯಾಗಿ ನಾನು ರಿಬ್ಬನ್ ಹಂಚುವ ಮೇಜಿನ ಬಳಿ ಇದ್ದೆ. ಬಂದವರಿಗೆಲ್ಲ ಗುಲಾಬಿ ಟೋಪಿ, ಒಂದು ಕರಪತ್ರ, ಒಂದು ಪ್ಯಾಕೆಟ್ ಮಜ್ಜಿಗೆ. ಚೆನ್ನಕೇಶವ ದೇವಸ್ಥಾನದ ಬೀದಿಯಿಂದ ಬಸ್ ನಿಲ್ದಾಣದವರೆಗೆ ನಡೆದೆವು. ಬ್ಯಾನರಿನಲ್ಲಿ ಮೊದಲು ‘ಸ್ತನ ಕ್ಯಾನ್ಸರ್ ಜಾಗೃತಿ’ ಎಂದಿತ್ತಂತೆ. ಗಂಡಸರೂ ಬರುತ್ತಾರೆ, ಮುಖ್ಯ ಅತಿಥಿಗಳಿಗೆ ಮುಜುಗರವಾಗುತ್ತದೆ ಎಂದು ಯಾರೋ ಹೇಳಿದರೆಂದು ಅಚ್ಚಾಗುವ ಮುನ್ನ ಅದು ‘ಮಹಿಳಾ ಆರೋಗ್ಯ ಜಾಗೃತಿ’ ಆಯಿತು. ಪಕ್ಕದಲ್ಲೇ ವಿಷ್ಣುವರ್ಧನನ ಕಾಲದ ದೇವಾಲಯ. 1117ರಿಂದ ಅಲ್ಲಿ ನಿಂತಿರುವ ಮದನಿಕೆಯರನ್ನು ಕತ್ತೆತ್ತಿ ನೋಡಲು ದೇಶವಿದೇಶದ ಜನ ಬರುತ್ತಾರೆ. ಕಲ್ಲಿನ ಎದೆಯನ್ನು ಹೊಗಳಲು ನಮಗೆ ಶತಮಾನಗಳಿಂದ ನಾಚಿಕೆಯಿಲ್ಲ. ಜೀವವಿರುವ ಎದೆಗೆ ರೋಗ ಬಂದರೆ ಮಾತ್ರ ಅದರ ಹೆಸರು ಬಾಯಿಗೆ ಬರುವುದಿಲ್ಲ. ಅಂದು ಇದನ್ನು ನಾನು ತಮಾಷೆಯಾಗಿ ಪಕ್ಕದವರಿಗೆ ಹೇಳಿ ನಕ್ಕಿದ್ದೆ.

ಆ ಪಕ್ಕದವರು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಟೋಪಿ ಹಾಕಿಕೊಂಡು ನನ್ನ ಜೊತೆಗೇ ನಡೆದಿದ್ದರು. ಆ ದಿನ ಅವರ ಎಡಗಡೆಯ ಎದೆಯಲ್ಲಿ ಗಂಟಿತ್ತು. ಗಂಟಿಗೆ ಆಗಲೇ ಐದು ತಿಂಗಳಾಗಿತ್ತು.

ನನಗದು ತಿಳಿದದ್ದು ಮುಂದಿನ ಫೆಬ್ರವರಿಯಲ್ಲಿ. ಕಾಫಿ ಕುಯ್ಲು ಮುಗಿದು, ಕಣದಲ್ಲಿ ಒಣಗಿದ್ದು ಮೂಟೆ ಸೇರಿದ ಮೇಲೆ, ಒಂದು ಮಧ್ಯಾಹ್ನ ಅತ್ತಿಗೆ ನನ್ನನ್ನು ಬಚ್ಚಲ ಮನೆಗೆ ಕರೆದು ಸೆರಗು ಸರಿಸಿ ತೋರಿಸಿದರು. ನಿಂಬೆಹಣ್ಣಿನ ಗಾತ್ರದ ಗಂಟು, ಅದರ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಮೂವತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದ ಮೇಷ್ಟ್ರಮ್ಮ ನಾನು. ನನ್ನ ಬಾಯಿಂದ ಮೊದಲು ಹೊರಬಿದ್ದ ಮಾತು ಇದು: “ಅಯ್ಯೋ, ಮೊದಲೇ ತೋರಿಸಬಾರದಿತ್ತೇ? ನಡಿಗೆಯ ದಿನ ಅಷ್ಟೆಲ್ಲಾ ಹೇಳಿದರಲ್ಲ!”

“ಹೇಳಿದರು. ನನಗೆ ಅದಕ್ಕೂ ಮೊದಲೇ ಗೊತ್ತಿತ್ತು” ಎಂದರು ಅತ್ತಿಗೆ.

ಗೊತ್ತಿತ್ತು! ಜಾಗೃತಿಯ ಇಡೀ ವ್ಯಾಪಾರ ನಿಂತಿರುವುದೇ ನಮಗೆ ಗೊತ್ತಿಲ್ಲ ಎಂಬ ನಂಬಿಕೆಯ ಮೇಲೆ. ಹೆಂಗಸಿಗೆ ತಿಳಿಯದು, ತಿಳಿಸಿದರೆ ಬರುತ್ತಾಳೆ, ಬಂದರೆ ಬದುಕುತ್ತಾಳೆ ಎಂದು ಮೂರು ಮೆಟ್ಟಿಲಿನ ಸರಳ ಲೆಕ್ಕ. ಅತ್ತಿಗೆ ಮೊದಲನೆಯ ಮೆಟ್ಟಿಲಿನ ಮೇಲೆ ಒಂಬತ್ತು ತಿಂಗಳು ನಿಂತಿದ್ದರು. ಎರಡನೆಯದು ಎಲ್ಲಿದೆಯೆಂದು ಅವರಿಗೆ ತೋರಿಸಿದವರಿಲ್ಲ.

ಏನೇನು ಆಯಿತೆಂಬುದನ್ನು ಅವರು ಒಂದೇ ಸಲ ಹೇಳಲಿಲ್ಲ. ಬೆಂಗಳೂರಿಗೆ ಓಡಾಡುವ ಬಸ್ಸುಗಳಲ್ಲಿ ತುಣುಕು ತುಣುಕಾಗಿ ಹೊರಬಂತು. ಮೇ ತಿಂಗಳಲ್ಲಿ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಜೂನ್‌ನಲ್ಲಿ ಮಗಳ ಕಾಲೇಜಿನ ಫೀಸು. ಆಮೇಲೆ ಮಳೆ. ಆಗಸ್ಟ್‌ನಲ್ಲಿ ಚೀಟಿ ದುಡ್ಡಿನಲ್ಲಿ ಯಾರಿಗೂ ಹೇಳದೆ ಒಬ್ಬರೇ ಪೇಟೆಯ ಒಂದು ಲ್ಯಾಬಿಗೆ ಹೋಗಿ ಸೂಜಿ ಪರೀಕ್ಷೆ ಮಾಡಿಸಿದ್ದರು. ಹೌದು, ಹೋಗಿದ್ದರು. ಇಂಗ್ಲಿಷಿನಲ್ಲಿ ಒಂದು ಹಾಳೆ ಕೊಟ್ಟು, “ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಮಾಡಿಸಬೇಕು” ಎಂದು ಕಿಟಕಿಯೊಳಗಿನಿಂದ ಹೇಳಿದರಂತೆ. ಸರಿಯಾಗಿ ಬಂದಿಲ್ಲ ಎಂದರೆ ರೋಗ ಇಲ್ಲವೆಂದೋ, ಇದೆಯೆಂದೋ? ಕೇಳಲು ಧೈರ್ಯ ಬರಲಿಲ್ಲ. ಹಿಂದೆ ಸಾಲು ಬೇರೆ ಇತ್ತು. ಹಾಳೆ ಅಕ್ಕಿ ಡಬ್ಬದ ತಳ ಸೇರಿತು. ಅಷ್ಟರಲ್ಲಿ ಕುಯ್ಲು ಬಂತು. ಆಳುಗಳು ಸಿಗದ ಕಾಲ. ಸಾಲದ್ದಕ್ಕೆ ಆ ವರ್ಷ ಆನೆ ಹಿಂಡು ತೋಟದ ಮಗ್ಗುಲಲ್ಲೇ ಬೀಡುಬಿಟ್ಟು, ಅಣ್ಣ ರಾತ್ರಿಯೆಲ್ಲ ಎದ್ದಿರುತ್ತಿದ್ದ. ಹಗಲು ಕಣ್ಣು ಕೆಂಪಗೆ ಮಾಡಿಕೊಂಡು ಕೂತ ಗಂಡನ ಮುಂದೆ ಎದೆಯ ಗಂಟಿನ ಮಾತು ಎತ್ತುವುದು ಹೇಗೆ? ಅವರ ಒಂಬತ್ತು ತಿಂಗಳ ಮೌನದಲ್ಲಿ ಅಜ್ಞಾನ ಎಲ್ಲಿತ್ತೆಂದು ನಾನು ಹುಡುಕಿ ನೋಡಿದ್ದೇನೆ. ಸಿಗಲಿಲ್ಲ.

ಅಂದಿನ ಕರಪತ್ರ ಈಗಲೂ ನನ್ನ ಬಳಿ ಇದೆ. ಕನ್ನಡ ಪಾಠ ಮಾಡಿದವಳಾದ್ದರಿಂದ ಅದನ್ನೊಂದು ಪಾಠದಂತೆ ಓದಿದೆ. ಅದರ ಕ್ರಿಯಾಪದಗಳೆಲ್ಲ ಆಜ್ಞಾರ್ಥಕ. ನೋಡಿಕೊಳ್ಳಿ, ಮುಟ್ಟಿಕೊಳ್ಳಿ, ಗಮನಿಸಿ, ತಡಮಾಡಬೇಡಿ, ನಾಚಬೇಡಿ, ಹೆದರಬೇಡಿ. ಕರ್ತೃ ಎಲ್ಲೆಡೆಯೂ ‘ನೀವು’. ‘ನಾವು’ ಎಂದು ಶುರುವಾಗುವ ವಾಕ್ಯ ಒಂದೇ ಒಂದು, ಅದೂ ಹಿಂಬದಿಯಲ್ಲಿ: ಅಕ್ಟೋಬರ್ 31ರವರೆಗೆ ನಾವು ಮ್ಯಾಮೊಗ್ರಾಂ ಮೇಲೆ ರಿಯಾಯಿತಿ ನೀಡುತ್ತೇವೆ. ಸರ್ಕಾರಿ ಆಸ್ಪತ್ರೆಗೆ ಯಾವ ದಿನ ಹೋದರೆ ಸರ್ಜನ್ ಸಿಗುತ್ತಾರೆ, ಯಾವ ಕಾರ್ಡು ಹಿಡಿದು ಹೋಗಬೇಕು, ಸೂಜಿ ಪರೀಕ್ಷೆ ಎಂದರೇನು, ಫಲಿತಾಂಶವನ್ನು ಬಿಡಿಸಿ ಹೇಳುವವರು ಯಾರು, ಹೀಗೆ ಅತ್ತಿಗೆಗೆ ಬೇಕಾಗಿದ್ದ ಒಂದೇ ಒಂದು ಮಾತು ಅದರಲ್ಲಿಲ್ಲ. ಎಲ್ಲ ಕೆಲಸವೂ ಹೆಂಗಸಿನದೇ ಎಂದು ಬರೆದ ಮೇಲೆ, ಕೆಲಸ ಕೆಟ್ಟರೆ ತಪ್ಪೂ ಹೆಂಗಸಿನದೇ ತಾನೇ? ನನ್ನ ಬಾಯಿಂದ ಆ ಮಧ್ಯಾಹ್ನ ಬಂದ ಪ್ರಶ್ನೆ ಆ ಕರಪತ್ರದಿಂದಲೇ ಬಂದದ್ದು. ಹಂಚಿ ಹಂಚಿ ನನಗೆ ಬಾಯಿಪಾಠವಾಗಿತ್ತು. ಮುಂದೆ ಅದೇ ಪ್ರಶ್ನೆಯನ್ನು ಅತ್ತಿಗೆ ಎಷ್ಟು ಜನರಿಂದ ಕೇಳಿದರೋ ಲೆಕ್ಕವಿಲ್ಲ. ನೆಂಟರು ಕೇಳಿದರು, ಸ್ಕ್ಯಾನಿಂಗ್ ಕೋಣೆಯ ಹುಡುಗಿ ಕೇಳಿದಳು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತೆಯೂ ಕೇಳಿದಳು. ರೋಗಿಗೆ ರೋಗದ ನೋವಿನ ಜೊತೆಗೆ ಪರೀಕ್ಷೆಯಲ್ಲಿ ನಪಾಸಾದವಳ ಅವಮಾನ.

ಕರಪತ್ರದ ಮುಂಬದಿಯಲ್ಲಿ, ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಹೀಗೆ ಹೀಗೆ ಪರೀಕ್ಷಿಸಿಕೊಳ್ಳಿ ಎಂದು ಎಂಟು ಚಿತ್ರಗಳಿವೆ. ಅಷ್ಟರಿಂದಲೇ ಜೀವ ಉಳಿಯುತ್ತದೆಯೇ ಎಂದು ಚೀನಾದ ಶಾಂಘೈನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಜವಳಿ ಕಾರ್ಖಾನೆಗಳ ಸುಮಾರು 2,66,000 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಸ್ವಯಂ ಪರೀಕ್ಷೆಯನ್ನು ಶ್ರದ್ಧೆಯಿಂದ ಕಲಿಸಿದರು. ಹತ್ತು ವರ್ಷಗಳ ಮೇಲೆ, 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಸ್ತನ ಕ್ಯಾನ್ಸರಿನಿಂದಾದ ಸಾವುಗಳು ಹೆಚ್ಚು ಕಡಿಮೆ ಒಂದೇ ಆಗಿದ್ದವು. ಕಲಿತವರಲ್ಲಿ ಹೆಚ್ಚಾದದ್ದು ಅಪಾಯವಿಲ್ಲದ ಗಂಟುಗಳಿಗೆ ಮಾಡಿಸಿಕೊಂಡ ಬಯಾಪ್ಸಿ. ದಯವಿಟ್ಟು ಇದನ್ನು ತಪ್ಪಾಗಿ ತಿಳಿಯಬೇಡಿ. ಗಂಟು ಕೈಗೆ ಸಿಕ್ಕಿದರೆ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಚಿತ್ರ ನೋಡಿ ಮುಟ್ಟಿಕೊಂಡಷ್ಟಕ್ಕೇ ಕರ್ತವ್ಯ ಮುಗಿಯಿತೆಂದು ನಮ್ಮನ್ನು ನಂಬಿಸುತ್ತಾರಲ್ಲ, ಅದಕ್ಕೆ ನನ್ನ ತಕರಾರು.

ಇಷ್ಟೊಂದು ಗುಲಾಬಿ ಎಲ್ಲಿಂದ ಬಂತು ಎಂದು ಕುತೂಹಲವಾಗಿ ಓದಿದೆ. ಅಕ್ಟೋಬರ್ ತಿಂಗಳನ್ನು ಸ್ತನ ಕ್ಯಾನ್ಸರ್ ಜಾಗೃತಿಗೆಂದು ಗೊತ್ತು ಮಾಡಿದ್ದು 1985ರಲ್ಲಿ, ಅಮೆರಿಕದಲ್ಲಿ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಜೊತೆಗಿದ್ದದ್ದು ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ಔಷಧ ವಿಭಾಗ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಆ ಕಂಪನಿಯದೇ. ಮಾತ್ರೆಯ ಬಗ್ಗೆ ನನಗೇನೂ ಜಗಳವಿಲ್ಲ, ಅತ್ತಿಗೆಯೂ ಈಗ ದಿನಾ ರಾತ್ರಿ ಅದನ್ನೇ ನುಂಗುತ್ತಾರೆ. ರಿಬ್ಬನ್ನಿನ ಕಥೆಯಂತೂ ಇನ್ನೂ ಸ್ವಾರಸ್ಯವಾಗಿದೆ. ಕ್ಯಾಲಿಫೋರ್ನಿಯಾದ ಷಾರ್ಲೆಟ್ ಹೇಲಿ ಎಂಬ ಹಿರಿಯ ಹೆಂಗಸು, ಅಜ್ಜಿ, ಅಕ್ಕತಂಗಿ, ಮಗಳು ಎಲ್ಲರಿಗೂ ಈ ರೋಗ ಬಂದದ್ದನ್ನು ಕಂಡವಳು, ಮನೆಯಲ್ಲೇ ಕೂತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್‌ಗಳನ್ನು ಮಾಡಿ ಹಂಚುತ್ತಿದ್ದಳು. ಪ್ರತಿಯೊಂದರ ಜೊತೆಗೂ ಒಂದು ಚೀಟಿ: ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬಜೆಟ್ಟಿನಲ್ಲಿ ನೂರಕ್ಕೆ ಐದು ಪಾಲು ಮಾತ್ರ ರೋಗ ತಡೆಯುವ ಕೆಲಸಕ್ಕೆ ಹೋಗುತ್ತಿದೆ, ಇದನ್ನು ಧರಿಸಿ ಜನಪ್ರತಿನಿಧಿಗಳನ್ನು ಎಚ್ಚರಿಸಿ ಎಂದು. 1992ರಲ್ಲಿ ಒಂದು ಪತ್ರಿಕೆಯೂ ಎಸ್ಟೀ ಲಾಡರ್ ಎಂಬ ಪ್ರಸಾಧನ ಕಂಪನಿಯೂ ಅವಳ ರಿಬ್ಬನ್ನನ್ನು ಕೇಳಿದವು. ನಿಮ್ಮದು ವ್ಯಾಪಾರ, ಕೊಡುವುದಿಲ್ಲ ಎಂದಳು. ವಕೀಲರ ಸಲಹೆ ಪಡೆದು ಅವರು ಬಣ್ಣವನ್ನು ಗುಲಾಬಿಗೆ ಬದಲಿಸಿಕೊಂಡರು. ರಿಬ್ಬನ್ ಲೋಕವೆಲ್ಲ ಸುತ್ತಿ ಬೇಲೂರಿನ ನನ್ನ ಮೇಜಿಗೂ ಬಂತು, ಚೀಟಿ ಮಾತ್ರ ದಾರಿಯಲ್ಲೇ ಉಳಿಯಿತು. ಆ ಹೆಂಗಸು ಎಚ್ಚರಿಸಲು ಹೊರಟದ್ದು ಸರ್ಕಾರವನ್ನು, ಈಗ ಎಚ್ಚರಿಸುತ್ತಿರುವುದು ನಮ್ಮನ್ನು.

ನಮ್ಮ ದೇಶದವರು ಇದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿದ್ದಾರೆ. 2024ರ ಫೆಬ್ರವರಿ 2ರಂದು ಪೂನಂ ಪಾಂಡೆ ಎಂಬ ನಟಿ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡಳೆಂದು ಅವಳ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಸುದ್ದಿ ಬಂತು. ಮರುದಿನ ಅವಳೇ ಕಾಣಿಸಿಕೊಂಡು, ಬದುಕಿದ್ದೇನೆ, ಜಾಗೃತಿಗಾಗಿ ಹೀಗೆ ಮಾಡಿದೆ ಎಂದಳು. ಆ ಹೊತ್ತಿಗೆ ಅತ್ತಿಗೆಯ ಚಿಕಿತ್ಸೆ ಮುಗಿದು ತಲೆಯಲ್ಲಿ ಕೂದಲು ಮರಿಹುಲ್ಲಿನಂತೆ ಬರುತ್ತಿತ್ತು. ಮೊಬೈಲಿನಲ್ಲಿ ಆ ಸುದ್ದಿ ನೋಡಿ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ನಿಜ ತಿಳಿದಾಗ, “ಸತ್ತು ವಾಪಸು ಬರುವ ಅನುಕೂಲ ಎಲ್ಲರಿಗೂ ಇದ್ದಿದ್ದರೆ!” ಎಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ದೆಹಲಿ ಮೆಟ್ರೋದಲ್ಲಿ, ಕ್ರಿಕೆಟಿಗ ಯುವರಾಜ್ ಸಿಂಗ್ ಕಟ್ಟಿದ ಪ್ರತಿಷ್ಠಾನದ ಜಾಹೀರಾತು. ನಿಮ್ಮ ಕಿತ್ತಳೆಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಿ, ಎಂದು! ಯುವರಾಜ್ ಸ್ವತಃ ಕ್ಯಾನ್ಸರ್ ಗೆದ್ದು ಬಂದವರು, ಉದ್ದೇಶ ಒಳ್ಳೆಯದೇ ಇರಬಹುದು. ಜನ ಸಿಟ್ಟಿಗೆದ್ದ ಮೇಲೆ ಮೆಟ್ರೋದವರು ಅದನ್ನು ತೆಗೆಸಿದರು. ಬೇಲೂರಿನ ಬ್ಯಾನರಿನಲ್ಲಿ ಅಳಿಸಿದ ಶಬ್ದ ದೆಹಲಿಯಲ್ಲಿ ಹಣ್ಣಾಗಿತ್ತು, ಅಷ್ಟೇ ವ್ಯತ್ಯಾಸ.

ಹಾಗಾದರೆ ತಿಳಿಸುವುದೇ ಬೇಡವೇ ಎಂದು ನೀವು ಕೇಳಬಹುದು. ಬೇಕು, ಖಂಡಿತ ಬೇಕು. ಅನುಪಮಾ ನಿರಂಜನ ಅವರನ್ನು ಓದಿ ಬೆಳೆದ ತಲೆಮಾರು ನಮ್ಮದು. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಹಾಸಿಗೆಯಡಿಯಲ್ಲಿ ಬಚ್ಚಿಟ್ಟುಕೊಂಡು ಓದಿದವರು ಎಷ್ಟು ಜನ! ಅವರು ಡಾಕ್ಟರು, ಕಾದಂಬರಿಗಾರ್ತಿ. 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ತಿಳಿಸುತ್ತಿದ್ದ ರೀತಿಯಲ್ಲಿ ಗದರಿಕೆ ಇರಲಿಲ್ಲ, ಹಿಂಬದಿಯಲ್ಲಿ ಕೂಪನ್ನೂ ಇರಲಿಲ್ಲ. ಅತ್ತಿಗೆಯ ಚಿಕಿತ್ಸೆಯ ದಿನಗಳಲ್ಲಿ ನಮಗಿಬ್ಬರಿಗೂ ಆಸರೆಯಾದದ್ದು ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’. ತಮಗೆ ಬಂದ ಸ್ತನ ಕ್ಯಾನ್ಸರಿನ ಬಗ್ಗೆ ಅವರೇ ಬರೆದ ಪುಸ್ತಕ. ಅತ್ತಿಗೆ ಅದನ್ನು ಎರಡು ಸಲ ಓದಿದರು. ಕರಪತ್ರವನ್ನು ಮತ್ತೆ ಕೇಳಲಿಲ್ಲ.

ಇನ್ನು ಜೀವ ಉಳಿಸಿದ ಜಾಗೃತಿ ಹೇಗಿರುತ್ತದೆಂದು ನೋಡಬೇಕೆಂದರೆ ಮುಂಬಯಿಯ ಕೊಳೆಗೇರಿಗಳಿಗೆ ಹೋಗಬೇಕು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಕೆಲಸ ಅದು. ಹತ್ತನೇ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು ಕಳಿಸಿದರು. ಅವರು ಗರ್ಭಕೊರಳಿಗೆ ವಿನೆಗರ್ ಸವರಿ, ಬಿಳಿಯ ಕಲೆ ಏಳುತ್ತದೆಯೇ ಎಂದು ನೋಡುತ್ತಿದ್ದರು. ಉಪ್ಪಿನಕಾಯಿಗೆ ಹಾಕುವ ವಿನೆಗರ್! ಎರಡು ವರ್ಷಕ್ಕೊಮ್ಮೆ ಅದೇ ಹೆಂಗಸರ ಬಳಿ ಮತ್ತೆ ಹೋದರು, ಕಲೆ ಕಂಡವರನ್ನು ಮುಂದಿನ ಪರೀಕ್ಷೆ, ಚಿಕಿತ್ಸೆಗಳಿಗೆ ಕಳಿಸಿಕೊಟ್ಟರು. 2013ರಲ್ಲಿ ಹೊರಬಂದ ಲೆಕ್ಕದಂತೆ ಆ ರೋಗದ ಸಾವು ನೂರಕ್ಕೆ 31ರಷ್ಟು ಇಳಿದಿತ್ತು. ಅದೇ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆಯನ್ನೂ ಮಾಡುತ್ತಿದ್ದರು. 20 ವರ್ಷಗಳ ಫಲಿತಾಂಶ 2021ರಲ್ಲಿ ಬಂತು. ಐವತ್ತರ ಕೆಳಗಿನವರಲ್ಲಿ ಸಾವು ಕಡಿಮೆಯಾದದ್ದು ಕಾಣಲಿಲ್ಲ, ಐವತ್ತು ದಾಟಿದವರಲ್ಲಿ ಸುಮಾರು 30ರಷ್ಟು ಇಳಿಯಿತು. ಅಲ್ಲಿ ಬಾಗಿಲಿಗೆ ಬಂದದ್ದು ಒಬ್ಬ ಹೆಂಗಸು. ಬಂದವಳು ಮತ್ತೆ ಬಂದಳು. ನಮ್ಮಲ್ಲಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೊರಳಿನ ಪರೀಕ್ಷೆ ಒಮ್ಮೆಯಾದರೂ ಆದವರು ನೂರಕ್ಕೆ ಇಬ್ಬರೂ ಇಲ್ಲ, 1.9. ಸ್ತನ ಪರೀಕ್ಷೆ ಆದವರು 0.9. ಇಷ್ಟು ವರ್ಷಗಳ ಅಕ್ಟೋಬರ್‌ಗಳು ಎಲ್ಲಿ ಹೋದವು?

2023ರ ಮಾರ್ಚ್‌ನಲ್ಲಿ ಅತ್ತಿಗೆಯನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. 1973ರಿಂದ ಹೊಸೂರು ರಸ್ತೆಯಲ್ಲಿ ನಿಂತು ಕರ್ನಾಟಕದ ಬಡವರ ಕ್ಯಾನ್ಸರನ್ನು ಹೊತ್ತಿರುವ ಆಸ್ಪತ್ರೆ ಅದು. ಬಿಪಿಎಲ್ ಕಾರ್ಡು ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ನಡೆಯಿತು. ಕಿಮೋ, ಆಪರೇಷನ್, ಆಮೇಲೆ ವಾರಗಟ್ಟಲೆ ರೇಡಿಯೇಷನ್. ಯೋಜನೆ ದೊಡ್ಡ ಬಿಲ್ಲುಗಳನ್ನು ಹೊತ್ತಿತು. ಹೊರದಿದ್ದವು ಸಣ್ಣವು. ಬಿಕ್ಕೋಡಿನಿಂದ ಬೇಲೂರು, ಬೇಲೂರಿನಿಂದ ಹಾಸನ, ಹಾಸನದಿಂದ ಬೆಂಗಳೂರು ಎಂದು ಮೂರು ಬಸ್ಸು, 21 ದಿನಕ್ಕೊಮ್ಮೆ. ಬೆಳಗಿನ ಮೊದಲ ಬಸ್ಸಿಗೆ ಕತ್ತಲಲ್ಲಿ ನಡೆದು ಬರಬೇಕು, ದಾರಿಯಲ್ಲಿ ಆನೆಯ ಭಯ. ಕಿಮೋ ನಡೆಯುತ್ತಿದ್ದಾಗಲೇ, ಜೂನ್ 11ರಂದು, ಶಕ್ತಿ ಯೋಜನೆ ಬಂತು. ಅಂದಿನಿಂದ ಅಣ್ಣನ ಬದಲು ನಾನೇ ಜೊತೆಗೆ ಹೋದೆ. ಹೆಂಗಸರಿಬ್ಬರಾದರೆ ಟಿಕೇಟಿಲ್ಲ, ಅಣ್ಣನಿಗಾದರೆ ದುಡ್ಡು. ವಿರೋಧಿಸುವವರು ಏನೇ ಅನ್ನಲಿ, ಆ ವರ್ಷ ಅತ್ತಿಗೆ ಒಂದು ಕಿಮೋವನ್ನೂ ತಪ್ಪಿಸಲಿಲ್ಲವೆಂದರೆ ಅದರ ಅರ್ಧ ಪುಣ್ಯ ಆ ಶೂನ್ಯ ಟಿಕೇಟಿನದು. ಆಸ್ಪತ್ರೆಯ ಆವರಣದ ಧರ್ಮಶಾಲೆಯಲ್ಲಿ ನಮ್ಮ ಪಕ್ಕದವರು ರಾಯಚೂರಿನ ಕಡೆಯ ತಾಯಿ ಮಗಳು. ಅವರ ಊರಿನ ದೂರ ಕೇಳಿದ ಮೇಲೆ ನಾವು ನಮ್ಮ ಮೂರು ಬಸ್ಸಿನ ದೂರು ನಿಲ್ಲಿಸಿದೆವು.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರಗಳನ್ನು ತೆರೆಯಿತು. ಬೆಳಗ್ಗೆ ಹೋಗಿ, ಔಷಧಿ ಏರಿಸಿಕೊಂಡು, ಸಂಜೆಗೆ ಮನೆ ಸೇರುವ ಏರ್ಪಾಡು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದವರು ತಲೆಯೆತ್ತದೆ, “ಅಯ್ಯೋ, ಮೊದಲೇ ಮಾಡಬಾರದಿತ್ತೇ?” ಎಂದರು. ನಾನು ಅಂದ ಮಾತಿನ ರಾಗವೂ ಹಾಗೇ ಇತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲಿ, ಸಂಘದವರು ಮನೆಗೇ ಬಂದಿದ್ದರು. ಆ ಸಲದ ನಡಿಗೆಯಲ್ಲಿ ಕ್ಯಾನ್ಸರ್ ಗೆದ್ದವರಿಗೆ ಸನ್ಮಾನ. ಅತ್ತಿಗೆ ವೇದಿಕೆಗೆ ಬಂದು ನಾಲ್ಕು ಮಾತಾಡಬೇಕು, ಧೈರ್ಯ ತುಂಬುವಂಥದ್ದು. ಶಾಲು, ಹಣ್ಣಿನ ಬುಟ್ಟಿ. ಅತ್ತಿಗೆಯ ಎಡಗೈ ಆಪರೇಷನ್ನಿನ ಮೇಲೆ ಬಾತುಕೊಂಡೇ ಇದೆ, ಬಿಂದಿಗೆ ಎತ್ತಲಾಗುವುದಿಲ್ಲ. ಆರು ತಿಂಗಳಿಗೊಮ್ಮೆ ತಪಾಸಣೆ, ಅದರ ಹಿಂದಿನ ವಾರವೆಲ್ಲ ಹೊಟ್ಟೆಯಲ್ಲಿ ತಳಮಳ. ಗೆದ್ದೆನೋ ಇಲ್ಲವೋ ಅವರಿಗೇ ಗೊತ್ತಿಲ್ಲ. “ವೇದಿಕೆಯ ಮೇಲೆ ಏನು ಹೇಳಲಿ? ಲ್ಯಾಬಿನ ಹಾಳೆಯ ವಿಷಯ ಹೇಳಲೇ?” ಎಂದು ಕೇಳಿದರು. ಅದು ಬೇಡ, ಆಸ್ಪತ್ರೆಯವರೂ ಇರುತ್ತಾರೆ, ಜನರಿಗೆ ಭರವಸೆ ಬರುವಂಥದ್ದು ಹೇಳಿ ಎಂದರು ಬಂದವರು. ಅತ್ತಿಗೆ ಕಾಫಿ ಕೊಟ್ಟು ಕಳಿಸಿದರು. ನಾನೂ ಆ ವರ್ಷ ರಿಬ್ಬನ್ ಮೇಜಿಗೆ ಹೋಗಲಿಲ್ಲ. ಸಂಘದಲ್ಲಿ ಸ್ವಲ್ಪ ಬೇಸರವಾಯಿತು. ಒಳ್ಳೆಯ ಮನಸ್ಸಿನ ಹೆಂಗಸರು ಅವರು, ಅದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಕಳೆದ ಕುಯ್ಲಿನ ಹೊತ್ತಿನಲ್ಲಿ ಪಕ್ಕದ ತೋಟದ ಲೈನಿನ ಒಬ್ಬ ಹೆಂಗಸು ಸಂಜೆ ಕೆಲಸ ಬಿಟ್ಟ ಮೇಲೆ ಅತ್ತಿಗೆಯನ್ನು ಹುಡುಕಿಕೊಂಡು ಬಂದಳು. ಸೌದೆ ಕೊಟ್ಟಿಗೆಯ ಹಿಂದೆ, ಆ ಫ್ಲೆಕ್ಸಿನ ಮರೆಯಲ್ಲಿ ನಿಂತು, ಅತ್ತಿಗೆಗೆ ಮಾತ್ರ ಏನನ್ನೋ ತೋರಿಸಿದಳು. ಅತ್ತಿಗೆ ಒಳಗೆ ಬಂದು, “ನಾಳೆ ಹಾಸನಕ್ಕೆ ಹೋಗಿ ಬರುತ್ತೇನೆ, ಇವಳ ಕೂಲಿ ಹೋಗದ ಹಾಗೆ ಅವರ ಸಾಹುಕಾರರಿಗೆ ಫೋನ್ ಮಾಡಿ ಹೇಳು” ಎಂದಷ್ಟೇ ಅಣ್ಣನಿಗೆ ಹೇಳಿದರು. ಯಾಕೆ ಮೊದಲೇ ತೋರಿಸಲಿಲ್ಲ ಎಂದು ಅವಳನ್ನು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಎರಡು ಆಧಾರ್ ಕಾರ್ಡು, ನೀರಿನ ಬಾಟಲಿ, ಅವಳ ರೇಷನ್ ಕಾರ್ಡು, ಬುತ್ತಿ ಎಲ್ಲವನ್ನೂ ರಾತ್ರಿಯೇ ಚೀಲಕ್ಕೆ ಹಾಕಿಟ್ಟರು. ಬೆಳಗಿನ ಜಾವ ಅಣ್ಣ ಟಾರ್ಚ್ ಹಿಡಿದು ಇಬ್ಬರನ್ನೂ ರಸ್ತೆಯವರೆಗೆ ಬಿಟ್ಟು ಬಂದ.

ಆ ದಿನ ಅವರ ಹಸು ಕರೆಯುವ ಕೆಲಸ ನನ್ನದಾಯಿತು. ಅಭ್ಯಾಸ ತಪ್ಪಿದ ಕೈ, ಹಸು ಒದ್ದು ಅರ್ಧ ಹಾಲು ಚೆಲ್ಲಿತು.